ನೂರ ಐವತ್ತೊಂದನೇ ಪುಟ

ಹೊಟ್ಟೆಕಿಚ್ಚಿನವಳು ಅಂತ ನನ್ನನ್ನ ಯಾರಾದರೂ ಕರೆದರೆ ನಾನು ಜಗಳಕ್ಕೆ ಹೋಗಲ್ಲ. ಹೌದು, ನಾನು ಹೊಟ್ಟೆಕಿಚ್ಚಿನವಳೇ. ಚಿಕ್ಕಂದಿನಲ್ಲಿ ಅಮ್ಮ ಪಕ್ಕದ ಮನೆ ಮಗುವಿಗೆ ಜಡೆ ಹಾಕಿದರೆ ಮೂರು ದಿನ ನನ್ನ ತಲೆ ಮುಟ್ಟೋಕೆ ಬಿಡ್ತಿರಲಿಲ್ಲವಂತೆ. ಆದರೆ ವಾರಿಜಾ ವಿಷಯದಲ್ಲಿ ನಾನು ಮಾಡಿದ್ದು ಬರೀ ಹೊಟ್ಟೆಕಿಚ್ಚಲ್ಲ, ತಪ್ಪು. ಅದನ್ನ ಇದ್ದಿದ್ದು ಇದ್ದ ಹಾಗೆ ಹೇಳಿಬಿಡ್ತೀನಿ, ಆಮೇಲೆ ನೀವು ಎಷ್ಟು ಬೇಕೋ ಅಷ್ಟು ಬೈದುಕೊಳ್ಳಿ.

ನಮ್ಮೂರಲ್ಲಿ ಯಾರೂ ಒಬ್ಬರೇ ಓದೋದಿಲ್ಲ. ವಿಶ್ವವಿದ್ಯಾಲಯದ ಲೈಬ್ರರಿಯ ಪುಸ್ತಕ ಬೇಕು ಅಂದ್ರೆ ಮೊಬೈಲ್ ತೆಗೆದು ಹೆಸರು ಹಾಕಿ ಕೇಳಬೇಕು. ಪುಸ್ತಕ ತೆರೆಯೋದು ಇಬ್ಬರ ಮೊಬೈಲಲ್ಲಿ, ಒಟ್ಟಿಗೆ. ಇಬ್ಬರೂ ಓದಿ ಮುಗಿಸಿದ ಮೇಲೇ ಪುಟ ತಿರುಗೋದು. ಒಬ್ಬರು ಮೊದಲು ಮುಗಿಸಿದರೆ ಇನ್ನೊಬ್ಬರ ಮೊಬೈಲಲ್ಲಿ ಪುಟದ ಕೆಳಗೆ ಒಂದು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತೆ, ನನ್ನದು ಆಯ್ತು, ಕಾಯ್ತಿದ್ದೀನಿ ಅಂತ. ಬೆರಳಲ್ಲಿ ಎಷ್ಟು ತಳ್ಳಿದರೂ ಪ್ರಯೋಜನ ಇಲ್ಲ. ಓದದೇ ಓದಿದೆ ಅಂತ ಪುಟದ ಹತ್ತಿರ ಸುಳ್ಳು ಹೇಳೋಕಾಗಲ್ಲ. ಕಣ್ಣು ಸಾಲಿನ ಮೇಲಿದ್ದು ಮನಸ್ಸು ಮೆಸ್ಸಿನ ಸಾರಿನ ಮೇಲಿದ್ದರೂ ಅದಕ್ಕೆ ಗೊತ್ತಾಗುತ್ತೆ. ಒಂದು ಸಲ ಇಬ್ಬರು ಒಂದು ಪುಸ್ತಕಕ್ಕೆ ಕೂತರೆ ಮುಗಿಯೋವರೆಗೂ ಮೂರನೆಯವರಿಗೆ ಜಾಗ ಇಲ್ಲ, ನಡುವೆ ಎದ್ದು ಹೋಗೋ ಹಾಗೂ ಇಲ್ಲ.

ಇದಕ್ಕೆ ಊರೆಲ್ಲ ಒಗ್ಗಿಹೋಗಿದೆ. ಹೆಣ್ಣು ನೋಡೋಕೆ ಬಂದವರು ಅಡುಗೆ ಬರುತ್ತಾ ಅಂತ ಕೇಳೋದಕ್ಕಿಂತ ಮುಂಚೆ ಹುಡುಗಿ ಒಂದು ಪುಟಕ್ಕೆ ಎಷ್ಟು ಹೊತ್ತು ತಗೋತಾಳೆ ಅಂತ ವಿಚಾರಿಸ್ತಾರೆ. ಹುಡುಗರು ಲೇಡೀಸ್ ಹಾಸ್ಟೆಲ್ ಕಾಂಪೌಂಡಿನ ಹೊರಗೆ ನಿಂತು, "ಎಂಬತ್ತೆಂಟನೇ ಪುಟದ ಕಾತ್ಯಾಯಿನಿ ಯಾರ್ರೀ? ಸ್ವಲ್ಪ ಬೇಗ ಓದ್ರೀ, ಬೆಳಿಗ್ಗೆ ಇಂಟರ್ನಲ್ಸ್ ಇದೆ!" ಅಂತ ಕೂಗ್ತಾರೆ. ಬಸ್ ಸ್ಟಾಪಲ್ಲಿ ಯಾರಾದರೂ ಮೊಬೈಲ್ ನೋಡ್ತಾ ಫಕ್ಕನೆ ನಕ್ಕರೆ ಎಲ್ಲರೂ ತಲೆ ಎತ್ತಿ ಆ ಕಡೆ ಈ ಕಡೆ ಹುಡುಕ್ತಾರೆ, ಇನ್ನೊಬ್ಬರು ಯಾರು ನಕ್ಕರು ಅಂತ. ಸಿಕ್ಕಿಬಿಟ್ಟರೆ ಒಂದು ವಾರ ಅದೇ ಮಾತು.

ನನ್ನದು ಏನು ಅಂದ್ರೆ, ನಾನು ನಿಧಾನ. ಬೇರೆಯವರಿಗೆ ಮೂರು ನಿಮಿಷ ಸಾಕಾಗೋ ಪುಟಕ್ಕೆ ನನಗೆ ಹತ್ತು ನಿಮಿಷ ಬೇಕು. ದಡ್ಡಿ ಅಲ್ಲ, ಮಾರ್ಕ್ಸ್ ನೋಡಿ ಬೇಕಾದರೆ. ಒಂದು ಸಾಲು ಓದಿದ ಮೇಲೆ ಅದು ಒಳಗೆ ಇಳಿಯೋವರೆಗೂ ಇನ್ನೊಂದಕ್ಕೆ ಹೋಗೋಕೆ ನನಗೆ ಮನಸ್ಸು ಬರಲ್ಲ. ಬಿ.ಎ. ಮೊದಲ ಎರಡು ವರ್ಷ ನನ್ನ ಜೊತೆ ಪುಸ್ತಕಕ್ಕೆ ಸಿಕ್ಕಿಕೊಂಡವರು ಮೊಬೈಲಲ್ಲಿ 'ದಾಕ್ಷಾಯಣಿ' ಅನ್ನೋ ಹೆಸರು ಕಂಡ ತಕ್ಷಣ ತಲೆ ಚಚ್ಚಿಕೊಳ್ತಿದ್ದರು. ಒಬ್ಬ ಅಂತೂ ಕ್ಲಾಸಿನಲ್ಲೇ, "ಅಯ್ಯೋ ರಾಮಾ, ಮತ್ತೆ ಇವಳಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ರೂಮಿಗೆ ಹೋಗಿ ಅತ್ತೆ.

ಮೂರನೇ ವರ್ಷದಲ್ಲಿ ವಾರಿಜಾ ಸಿಕ್ಕಳು. ನನ್ನ ಕ್ಲಾಸು, ನನ್ನದೇ ರೂಮು. ಎತ್ತರದ ಹುಡುಗಿ, ಮಾತು ಕಮ್ಮಿ, ಯೋಚನೆ ಮಾಡುವಾಗ ದುಪಟ್ಟಾದ ಅಂಚು ಕಚ್ಚೋ ಅಭ್ಯಾಸ. ಒಂದು ಪುಸ್ತಕಕ್ಕೆ ಅಕಸ್ಮಾತ್ತಾಗಿ ಜೊತೆಯಾದ್ವಿ. ನಾನು ಪುಟ ತೆರೆದು ಉಸಿರು ಬಿಡೋಷ್ಟರಲ್ಲಿ ಅವಳ ಚುಕ್ಕೆ ಬಂದುಬಿಡ್ತಿತ್ತು. ಬೈತಾಳೆ ಅಂತ ಕಾದೆ. ಬೈಯಲಿಲ್ಲ. ಬಕೆಟ್ ತಗೊಂಡು ಹೋಗಿ ಬಟ್ಟೆ ಒಗೆದು, ಹಿಂಡಿ, ಒಣಹಾಕಿ ಬಂದು, "ಆಯ್ತೇನೇ?" ಅಂತ ಕೇಳಿದಳು. ಅಷ್ಟೇ. ಆ ಪುಸ್ತಕ ಮುಗಿದಾಗ ತಾನಾಗೇ, "ಮುಂದಿನದೂ ಒಟ್ಟಿಗೆ ತಗೊಳ್ಳೋಣ್ವಾ?" ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಎಂ.ಎ. ಎರಡನೇ ವರ್ಷದವರೆಗೆ, ಮೂರು ವರ್ಷ, ಅವಳು ನನ್ನ ಜೊತೆ ಬಿಟ್ಟು ಬೇರೆ ಯಾರ ಜೊತೆಯೂ ಓದಲಿಲ್ಲ. ಊರವರು ನಮ್ಮ ಹೆಸರು ಸೇರಿಸಿಯೇ ಹೇಳೋರು. ವಾರಿಜಾ-ದಾಕ್ಷಿ ಏನು ಓದ್ತಿದ್ದಾರಂತೆ ಅಂತ.

ಆಮೇಲೆ ಬಂದಳಲ್ಲ, ಮೇದಿನಿ. ಎಂ.ಎ. ಮೊದಲ ವರ್ಷಕ್ಕೆ ಸೇರಿದವಳು, ನಮ್ಮ ಪಕ್ಕದ ರೂಮು. ಗುಂಡು ಮುಖ, ಎಡಗೆನ್ನೆಯಲ್ಲಿ ಗುಳಿ, ಎಲ್ಲರನ್ನೂ ಅಕ್ಕಾ ಅಕ್ಕಾ ಅನ್ನೋಳು. ಒಂದು ಪುಟಕ್ಕೆ ಎರಡು ನಿಮಿಷ, ಅದಕ್ಕಿಂತ ಕಮ್ಮಿ. ಅವಳಲ್ಲಿ ಒಂದು ಕೆಟ್ಟ ಗುಣ ಹುಡುಕೋಕೆ ನಾನು ಪಟ್ಟ ಕಷ್ಟ ನನಗೇ ಗೊತ್ತು. ಸಿಕ್ಕಿದ್ದು ಒಂದೇ, ಊಟ ಮಾಡುವಾಗ ಸ್ವಲ್ಪ ಸದ್ದು ಮಾಡ್ತಾಳೆ.

ಒಂದು ಭಾನುವಾರ ಮಧ್ಯಾಹ್ನ ನಾನು ರೂಮಿನಲ್ಲಿ ಕೂತು ಉಗುರು ಕತ್ತರಿಸ್ತಿದ್ದೆ. ವಾರಿಜಾ ಗೋಡೆಗೆ ಒರಗಿ ಮೊಬೈಲ್ ನೋಡ್ತಿದ್ದಳು. ಇದ್ದಕ್ಕಿದ್ದ ಹಾಗೆ ಜೋರಾಗಿ ನಕ್ಕಳು. ಅದೇ ಕ್ಷಣಕ್ಕೆ ಗೋಡೆಯ ಆಚೆಯಿಂದ ಇನ್ನೊಂದು ನಗು ಕೇಳಿತು. ನಾನು ಉಗುರು ಕತ್ತರಿಸೋದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಮತ್ತೆ ನಕ್ಕರು, ಈ ಕಡೆ ಒಬ್ಬಳು, ಆ ಕಡೆ ಒಬ್ಬಳು, ಒಂದೇ ಉಸಿರಿಗೆ.

"ಏನೇ ಅದು?" ಅಂದೆ, ಏನೂ ಆಗದವಳ ಥರ.

"ಕಾದಂಬರಿ ಕಣೇ. ಮೇದಿನಿ ಒಬ್ಬಳೇ ಇದ್ದಳು, ಜೊತೆಗೆ ಬನ್ನಿ ಅಕ್ಕಾ ಅಂದಳು. ಸುಮ್ನೆ, ಟೈಂ ಪಾಸಿಗೆ."

"ಎಷ್ಟನೇ ಪುಟ?"

"ನೂರ ತೊಂಬತ್ತು."

"ಯಾವಾಗ ಶುರು ಮಾಡಿದ್ದು?"

ವಾರಿಜಾ ತಲೆ ಎತ್ತಲಿಲ್ಲ. "ಬೆಳಿಗ್ಗೆ."

ಬೆಳಿಗ್ಗೆಯಿಂದ ನೂರ ತೊಂಬತ್ತು ಪುಟ! ನನ್ನ ಜೊತೆಯಾಗಿದ್ದರೆ ನಲವತ್ತೂ ಆಗಿರ್ತಿರಲಿಲ್ಲ. ನಾವಿಬ್ಬರೂ ಮೂರು ವರ್ಷದಲ್ಲಿ ಒಟ್ಟಿಗೆ ನಕ್ಕಿದ್ದೇ ಇಲ್ಲ ಅಂತ ಆಗ ಹೊಳೀತು. ಹೇಗೆ ನಗೋದು? ನಗು ಬರೋ ಸಾಲಿಗೆ ನಾನು ತಲುಪೋಷ್ಟರಲ್ಲಿ ಅವಳು ನಕ್ಕು, ಬಟ್ಟೆ ಒಗೆಯೋಕೆ ಹೋಗಿರ್ತಿದ್ದಳು. ಆ ರಾತ್ರಿಯೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಿತ್ತು.

ಅಲ್ಲಿಗೆ ನಿಂತಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡು ಓಡಾಡಿ ಸರಿಹೋಗ್ತಿದ್ದೆ. ಆದರೆ ವಾರಿಜಾಳ ಪ್ರಬಂಧದ ಸಮಯ ಬಂತು. ಅವಳು ಬರೀತಿದ್ದದ್ದು ನಮ್ಮೂರ ಬಾವಿಗಳ ಬಗ್ಗೆ. ಅದಕ್ಕೆ 'ಊರ ಬಾವಿಗಳ ದಾಖಲೆ' ಅನ್ನೋ ಹಳೇ ಪುಸ್ತಕ ಬೇಕೇ ಬೇಕು, ಇನ್ನೂರ ಎಂಬತ್ತಾರು ಪುಟ. ವಿಶ್ವವಿದ್ಯಾಲಯದ ನಿಯಮ ಏನು ಅಂದ್ರೆ, ಅರ್ಧ ಓದಿದ ಪುಸ್ತಕದ ಹೆಸರು ಪ್ರಬಂಧದಲ್ಲಿ ಹಾಕೋ ಹಾಗಿಲ್ಲ. ಕೊನೇ ಪುಟ ಮುಗಿದಾಗ ಮೊಬೈಲಿಗೆ ಒಂದು ಚೀಟಿ ಬರುತ್ತೆ, ಅದನ್ನ ತೋರಿಸಿದರೇ ಆಫೀಸಿನಲ್ಲಿ ಪ್ರಬಂಧ ತಗೊಳ್ಳೋದು. ಕೊನೇ ದಿನ ಇಪ್ಪತ್ತೆಂಟನೇ ತಾರೀಖು, ಸಂಜೆ ಐದು ಗಂಟೆ. ತಪ್ಪಿದರೆ ಒಂದು ವರ್ಷ ಹೋಯ್ತು, ಹಾಸ್ಟೆಲ್ ಸೀಟೂ ಹೋಯ್ತು. ಆ ಪುಸ್ತಕ ಇಬ್ಬರು ಮೇಷ್ಟ್ರುಗಳ ಕೈಯಲ್ಲಿ ನಾಲ್ಕು ತಿಂಗಳಿಂದ ಸಿಕ್ಕಿಕೊಂಡಿತ್ತು. ಒಂದನೇ ತಾರೀಖು ಬೆಳಿಗ್ಗೆ ಅವರದು ಮುಗಿಯುತ್ತೆ ಅಂತ ಸುದ್ದಿ ಬಂತು.

ಮೆಸ್ಸಿನಲ್ಲಿ ನನ್ನ ಎದುರಿಗೇ ಕೂತು ವಾರಿಜಾ ಮೇದಿನಿಗೆ ಹೇಳಿದಳು, "ಒಂಬತ್ತು ಗಂಟೆಗೆ ನಾನು ಕೇಳ್ತೀನಿ, ತಕ್ಷಣ ನೀನೂ ಕೇಳಿಬಿಡು. ಒಂದು ವಾರದಲ್ಲಿ ಮುಗಿಸಿದರೆ ಮೂರು ವಾರ ಬರೆಯೋಕೆ ಸಿಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ನಿನ್ನ ಪ್ರಬಂಧ ಇದೆಯಲ್ಲ ದಾಕ್ಷಿ, ಸುಮ್ನೆ ಯಾಕೆ ನಿನಗೆ ತೊಂದರೆ" ಅಂದಳು. ನನ್ನ ಪ್ರಬಂಧ ಹದಿನೈದು ದಿನದ ಹಿಂದೆಯೇ ಕೊಟ್ಟಾಗಿತ್ತು. ಅದು ಅವಳಿಗೂ ಗೊತ್ತಿತ್ತು.

ಮೊದಲೇ ಮಾತಾಡಿಕೊಂಡ ಜೋಡಿಯ ನಡುವೆ ನುಗ್ಗೋದಕ್ಕೆ ನಮ್ಮೂರಲ್ಲಿ ಬೇರೆಯವರ ಎಲೆ ಮುಂದೆ ಕೂರೋದು ಅಂತಾರೆ. ಊಟದ ಪಂಕ್ತಿಯಲ್ಲಿ ಅವರಿಗೆ ಬಡಿಸಿದ ಎಲೆಗೆ ನೀವು ಹೋಗಿ ಕೂತ ಹಾಗೆ. ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಒಂದನೇ ತಾರೀಖು ಬೆಳಿಗ್ಗೆ ಎಂಟೂ ಐವತ್ತೊಂಬತ್ತಕ್ಕೆ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಮೊಬೈಲ್ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದೆ. ಒಂಬತ್ತಾಯಿತು. ಒತ್ತಿದೆ. ಪುಸ್ತಕ ತೆರೆದುಕೊಂಡಿತು. ಮೇಲೆ ಎರಡು ಹೆಸರು: ವಾರಿಜಾ, ದಾಕ್ಷಾಯಣಿ. ಪಕ್ಕದ ರೂಮಿನಿಂದ ಮೇದಿನಿ, "ಅಕ್ಕಾ, ನನಗೆ ಸಿಗ್ತಾ ಇಲ್ಲ!" ಅಂತ ಕೂಗಿದ್ದು ಕೇಳಿತು. ಆ ಕೂಗು ಕೇಳಿ ನನಗಾದ ಸಂತೋಷ ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತೆ.

ಹೊರಗೆ ಬಂದಾಗ ವಾರಿಜಾ ಮಂಚದ ಮೇಲೆ ಕೂತಿದ್ದಳು. ಮೊಬೈಲ್ ನೋಡಿದಳು, ನನ್ನನ್ನ ನೋಡಿದಳು. ಬೈಲಿ ಅಂತಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು.

"ಆಯ್ತು," ಅಂದಳು. "ಓದೋಣ."

ಮೊದಲ ಹತ್ತು ದಿನ ನಾನು ಮೈ ಮುರಿದು ಓದಿದೆ. ಸತ್ಯವಾಗಲೂ. ನಡೆಯುವಾಗ, ಊಟ ಮಾಡುವಾಗ, ಸ್ನಾನಕ್ಕೆ ನೀರು ಕಾಯುವಾಗ, ಎಲ್ಲೆಲ್ಲೂ ಬಾವಿಗಳೇ. ಯಾವ ಬಾವಿ ಎಷ್ಟು ಮೊಳ ಆಳ, ಯಾವುದರ ನೀರು ಉಪ್ಪು, ಯಾವುದಕ್ಕೆ ರಾಟೆ ಎರಡು. ಕಾದಂಬರಿ ಥರ ಅಲ್ಲ, ಪುಟದ ತುಂಬಾ ಅಂಕಿಗಳೇ, ಆದರೂ ದಿನಕ್ಕೆ ಹದಿನೈದು ಪುಟ ಮಾಡಿದೆ. ವಾರಿಜಾಗೆ ಮೇದಿನಿ ಬೇಡ, ನಾನೇ ಸಾಕು ಅಂತ ತೋರಿಸಬೇಕಿತ್ತು. ಹತ್ತನೇ ತಾರೀಖಿಗೆ ನೂರ ಐವತ್ತು ಪುಟ ಮುಗಿದಿತ್ತು. "ನೋಡು, ಇಪ್ಪತ್ತಕ್ಕೆ ಮುಗಿಯುತ್ತೆ" ಅಂದೆ. ವಾರಿಜಾ, "ಹೂಂ" ಅಂದಳು.

ಹನ್ನೊಂದನೇ ತಾರೀಖು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟೀ ಕುಡಿತಾ ನೂರ ಐವತ್ತೊಂದನೇ ಪುಟ ತೆರೆದು ಕೂತಿದ್ದೆ. ವಾರಿಜಾ ದೂರದ ಮೇಜಿನಲ್ಲಿ ಒಬ್ಬಳೇ ಇದ್ದಳು. ಅವಳ ಹಸಿರು ಚುಕ್ಕೆ ಆಗಲೇ ಬಂದಿತ್ತು. ಇದ್ದಕ್ಕಿದ್ದ ಹಾಗೆ ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನನ್ನ ಕಣ್ಣು ತಾನಾಗೇ ಕಿಟಕಿಯ ಆಚೆಗೆ ಹೋಯ್ತು. ಆಟದ ಮೈದಾನದ ಆ ತುದಿಯಲ್ಲಿ, ಬೇವಿನ ಮರದ ಕೆಳಗೆ, ಮೇದಿನಿ ಮೊಬೈಲ್ ಹಿಡಿದು ಹೊಟ್ಟೆ ಹಿಡಿದುಕೊಂಡು ನಗ್ತಿದ್ದಳು. ನಾನು ಇಲ್ಲಿ ಬಾವಿಯ ಆಳ ಅಳೀತಾ ಕೂತಿದ್ದೀನಿ, ಆ ಬಿಡುವಿನಲ್ಲಿ ಇವರಿಬ್ಬರೂ ಇನ್ನೊಂದು ಕಾದಂಬರಿ ತೆಗೆದಿದ್ದಾರೆ! ಪಕ್ಕದ ಮೇಜಿನವನು, "ಓಹೋ, ಸಿಕ್ಕರು ನೋಡ್ರೋ, ವಾರಿಜಾ-ಮೇದಿನಿ!" ಅಂದ. ನಮ್ಮ ಹೆಸರಿನ ಜಾಗದಲ್ಲಿ ಅವಳ ಹೆಸರು.

ಮೊಬೈಲ್ ಆರಿಸಿ ಬ್ಯಾಗಿಗೆ ಹಾಕಿದೆ. ಕಾಯಲಿ, ಅಂದುಕೊಂಡೆ. ಕಾದಂಬರಿ ಓದೋಕೆ ಬೇಕಾದಷ್ಟು ಸಮಯ ಇದೆಯಲ್ಲ, ಕಾಯಲಿ. ಮೂರು ದಿನ ಆ ಪುಸ್ತಕ ತೆರೆಯಲಿಲ್ಲ. ಮೊದಲ ದಿನ ವಾರಿಜಾ, "ಹುಷಾರಿಲ್ವೇನೇ?" ಅಂತ ಕೇಳಿದಳು. ಎರಡನೇ ದಿನ ಏನೂ ಕೇಳಲಿಲ್ಲ. ಮೂರನೇ ದಿನ ದುಪಟ್ಟಾ ಕಚ್ಚಿಕೊಂಡು ಕಿಟಕಿಯ ಹತ್ತಿರ ನಿಂತೇ ಇದ್ದಳು. ಅದನ್ನ ನೋಡಿ ನನಗೆ ಹೆದರಿಕೆಯಾಯ್ತು. ಸಾಕು, ಇನ್ನು ಓದಿಬಿಡೋಣ ಅಂತ ಹದಿನಾಲ್ಕನೇ ತಾರೀಖು ಬೆಳಿಗ್ಗೆ ಮೊಬೈಲ್ ತೆರೆದೆ.

ಮೊದಲ ಸಾಲಿನಿಂದ ಕೊನೇ ಸಾಲಿನವರೆಗೆ ಓದಿದೆ. ಪುಟ ತಿರುಗಲಿಲ್ಲ. ಮತ್ತೆ ಓದಿದೆ. ತಿರುಗಲಿಲ್ಲ. ಬೆರಳಿಟ್ಟು ಓದಿದೆ, ಬಾಯಿಬಿಟ್ಟು ಓದಿದೆ, ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಓದಿದೆ. ಊಹೂಂ. ಎರಡು ಸಾಲು ಆಗೋಷ್ಟರಲ್ಲಿ ಆ ಬೇವಿನ ಮರ, ಆ ಗುಳಿ ಬಿದ್ದ ಕೆನ್ನೆ. ಈಗ ಅವರಿಬ್ಬರೂ ಎಲ್ಲಿದ್ದಾರೋ, ಯಾವ ಪುಟದಲ್ಲಿದ್ದಾರೋ, ನನ್ನ ಬಗ್ಗೆ ಏನು ಮಾತಾಡ್ತಿದ್ದಾರೋ. ಕಣ್ಣು ಸಾಲಿನ ಮೇಲೆ ಓಡ್ತಿತ್ತು, ತಲೆಯೊಳಗೆ ಇವರದೇ ಮೆರವಣಿಗೆ. ಪುಟಕ್ಕೆ ಎಲ್ಲ ಗೊತ್ತಾಗ್ತಿತ್ತು. ಕೆಳಗೆ ವಾರಿಜಾಳ ಹಸಿರು ಚುಕ್ಕೆ ಅಲ್ಲೇ ಉರೀತಿತ್ತು.

ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿ, ನಾನು ಬಂದರೆ ಮಾತು ನಿಲ್ಲಿಸೋರು. "ಬೇಕಂತಲೇ ಮಾಡ್ತಿದ್ದಾಳೆ" ಅಂತ ಮೆಸ್ಸಿನಲ್ಲಿ ಕೇಳೋ ಹಾಗೇ ಅಂದರು. ಬೇಕಂತ ಮಾಡಿದ್ದು ಮೂರು ದಿನ, ಆಮೇಲಿನದು ನನ್ನ ಕೈ ಮೀರಿದ್ದು ಅಂದ್ರೆ ನಂಬೋರು ಯಾರು? ಲೈಬ್ರರಿಗೇ ಹೋದೆ. ಗ್ರಂಥಪಾಲಕರು ಚೆನ್ನವೀರಯ್ಯ ಅಂತ, ವಯಸ್ಸಾದವರು, ಮುಂದಿನ ಕಿಟಕಿಯಲ್ಲಿ ಕೂತು ಎಲ್ಲರ ದೂರು ಕೇಳ್ತಾರೆ.

"ಸರ್, ನನ್ನ ಜಾಗ ಬೇರೆಯವರಿಗೆ ಕೊಟ್ಟುಬಿಡಿ. ಮೇದಿನಿ ಅಂತ ಇದ್ದಾಳೆ, ಅವಳಿಗೆ ಕೊಡಿ."

ಅದನ್ನ ಹೇಳೋಕೆ ನನಗೆ ಎಷ್ಟು ಕಷ್ಟವಾಯ್ತು ಅಂತ ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು. ಕನ್ನಡಕ ಹಣೆಗೆ ಏರಿಸಿ, "ಕೂತ ಮೇಲೆ ಎಬ್ಬಿಸೋದು ನನ್ನ ಕೈಯಲ್ಲಿಲ್ಲ ತಾಯಿ," ಅಂದರು. "ಓದು, ಅಷ್ಟೇ."

"ಓದ್ತಿದ್ದೀನಿ ಸರ್. ತಿರುಗ್ತಾ ಇಲ್ಲ."

"ಹಾಗಾದರೆ ಓದ್ತಿಲ್ಲ," ಅಂದು ಕಿಟಕಿ ಹಾಕಿಕೊಂಡರು.

ಹದಿನೇಳನೇ ತಾರೀಖು ಮೇದಿನಿ ನನ್ನನ್ನ ಹುಡುಕಿಕೊಂಡು ಬಂದಳು, ಕೈಯಲ್ಲಿ ಒಂದು ಡಬ್ಬಿ. ಅವರಮ್ಮ ಕಳಿಸಿದ ಕೋಡುಬಳೆಯಂತೆ. "ಅಕ್ಕಾ, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂತ ಕೇಳಿದಳು. "ಕಾದಂಬರಿ ನಾನು ಬಿಟ್ಟುಬಿಟ್ಟಿದ್ದೀನಿ ಅಕ್ಕಾ, ತೆರೆಯೋದೇ ಇಲ್ಲ. ವಾರಿಜಕ್ಕ ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ನೀವು ಹೇಗಾದ್ರೂ ಮಾಡಿ ಓದಿ ಅಕ್ಕಾ." ಅವಳ ಕಣ್ಣಲ್ಲಿ ನೀರಿತ್ತು. ವಾರಿಜಾ ಊಟ ಬಿಟ್ಟಿದ್ದು ಒಂದೇ ರೂಮಿನಲ್ಲಿರೋ ನನಗೆ ಗೊತ್ತಿಲ್ಲ, ಇವಳಿಗೆ ಗೊತ್ತು! ಅದಕ್ಕೂ ಹೊಟ್ಟೆ ಉರೀತು. ಅವಳು ಹೋದ ಮೇಲೆ ಡಬ್ಬಿಯಲ್ಲಿದ್ದ ಕೋಡುಬಳೆ ಅಷ್ಟನ್ನೂ ಒಬ್ಬಳೇ ಕೂತು ತಿಂದೆ. ಹಾಳಾದ್ದು, ಬಹಳ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಹಾಸ್ಟೆಲ್ ಹಿತ್ತಲಿನ ಬಾವಿಯ ಹತ್ತಿರ ಹೋದೆ. ವಾರಿಜಾ ಒಗೆಯೋ ಕಲ್ಲಿನ ಹತ್ತಿರ ನಿಂತು ಬೆಡ್‌ಶೀಟ್ ಒಗೀತಿದ್ದಳು. ಅವಳ ಮೊಬೈಲು ಸೋಪಿನ ಡಬ್ಬಿಯ ಪಕ್ಕ ಗೋಡೆ ಮೇಲಿತ್ತು.

"ವಾರಿಜಾ, ನಾನು ಬೇಕಂತ ಮಾಡ್ತಿಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ."

ಅವಳು ಬೆಡ್‌ಶೀಟನ್ನ ಕಲ್ಲಿಗೆ ಎತ್ತಿ ಬಡಿದಳು. "ಮತ್ತೆ?"

"ಆಗ್ತಿಲ್ಲ. ಓದೋಕೆ ಕೂತರೆ ನೀವಿಬ್ಬರೇ ಬರ್ತೀರ. ನನ್ನ ಜೊತೆ ಮೂರು ವರ್ಷ ಓದಿದೋಳು ನೀನು. ಅವಳು ಬಂದು ಮೂರು ತಿಂಗಳಾಗಿಲ್ಲ. ಅವಳಲ್ಲಿ ಏನಿದೆ? ಬೇಗ ಓದ್ತಾಳೆ ಅನ್ನೋದು ಬಿಟ್ಟು ಏನಿದೆ ಹೇಳು!"

"ಬೇಗ ಓದ್ತಾಳೆ. ಅಷ್ಟೇ ಇರೋದು. ಅಷ್ಟು ಸಾಕು ನನಗೆ."

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ. ಮೂರು ವರ್ಷದಲ್ಲಿ ಅಷ್ಟು ಮಾತು ಒಂದೇ ಸಲ ಅವಳ ಬಾಯಿಂದ ನಾನು ಕೇಳಿರಲಿಲ್ಲ.

"ನಿನ್ನ ಜೊತೆ ಓದಿ ಓದಿ ನನಗೆ ಸಾಕಾಗಿಹೋಗಿದೆ ದಾಕ್ಷಿ. ಎಷ್ಟು ಬಟ್ಟೆ ಒಗೆದಿದ್ದೀನಿ ಗೊತ್ತಾ ನಿನ್ನ ಪುಟ ಮುಗೀಲಿ ಅಂತ? ಒಗೆದಿದ್ದನ್ನೇ ಮತ್ತೆ ಒಗೆದಿದ್ದೀನಿ. ಕಥೆಯಲ್ಲಿ ಮುಂದೇನಾಗುತ್ತೆ ಅಂತ ಪ್ರಾಣ ಹೋಗ್ತಿರುತ್ತೆ, ನೀನು ಐದನೇ ಸಾಲಲ್ಲಿ ಕೂತಿರ್ತೀಯ. ಹೇಳಿದರೆ ನೊಂದುಕೊಳ್ತೀಯ ಅಂತ ಸುಮ್ಮನಿದ್ದೆ. ಅವತ್ತು ಆ ಕಾದಂಬರಿ ಓಡಿಸಿಕೊಂಡು ಓದುವಾಗ ನನಗೆ ಉಸಿರು ಬಂದ ಹಾಗಾಯ್ತು ಕಣೇ. ನೀನಂದ್ರೆ ನನಗೆ ಇಷ್ಟ. ನಿನ್ನ ಜೊತೆ ಓದೋದು ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ."

ಯಾವತ್ತೂ ಇರಲಿಲ್ಲ! ಅಲ್ಲೇ ಬಾವಿಕಟ್ಟೆಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಸಿಟ್ಟು ಬರುತ್ತೆ ಅಂದುಕೊಂಡೆ, ಬರಲಿಲ್ಲ. ಅಳುವೂ ಬರಲಿಲ್ಲ. ಯಾವ ಮಾತು ಕೇಳಬಾರದು ಅಂತ ಒಂದು ತಿಂಗಳಿಂದ ಹೆದರಿ ಸಾಯ್ತಿದ್ದೆನೋ ಅದನ್ನೇ ಅವಳು ಹೇಳಿ ಮುಗಿಸಿದ್ದಳು. ಇನ್ನು ಹೆದರೋಕೆ ಏನೂ ಉಳಿದಿರಲಿಲ್ಲ. ಅವಳ ಮುಖ ನೋಡೋಕಾಗದೆ ಕೈಯಲ್ಲಿದ್ದ ಮೊಬೈಲ್ ನೋಡಿದೆ. ಕಣ್ಣೆದುರಿಗೆ ಇದ್ದದ್ದು ಅದೊಂದೇ. ಕುಂಬಾರಗೇರಿಯ ಬಾವಿ. ಆಳ ಮೂವತ್ತೊಂದು ಮೊಳ. ಮೆಟ್ಟಿಲು ಇಲ್ಲ. ಒಳಗೋಡೆಯಲ್ಲಿ ಕಲ್ಲಿನ ಬದಲು ಒಡೆದ ಮಡಕೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಲಾಗಿದೆ. ಬೇಸಿಗೆಯಲ್ಲಿ ಸಂದುಗಳಲ್ಲಿ ಗಿಳಿಗಳು ಮೊಟ್ಟೆ ಇಡುವುದರಿಂದ ಎರಡು ತಿಂಗಳು ಈ ಬಾವಿಯಲ್ಲಿ ಕೊಡ ಇಳಿಸುವುದಿಲ್ಲ. ಎಂಟು ದಿನದಿಂದ ಆ ಪುಟ ನನ್ನ ಮೊಬೈಲಲ್ಲಿತ್ತು. ಅದರಲ್ಲಿ ಗಿಳಿಗಳಿವೆ ಅಂತ ಅವತ್ತೇ ಗೊತ್ತಾಗಿದ್ದು.

ಪುಟ ತಿರುಗಿತು. ಗೋಡೆ ಮೇಲಿದ್ದ ಅವಳ ಮೊಬೈಲಲ್ಲೂ ತಿರುಗಿತು. ವಾರಿಜಾ ಒದ್ದೆ ಕೈಯನ್ನ ಚೂಡಿದಾರಕ್ಕೆ ಒರೆಸಿಕೊಂಡು ಅದನ್ನ ಎತ್ತಿಕೊಂಡಳು. ಅಲ್ಲೇ ನಿಂತು ಓದೋಕೆ ಶುರು ಮಾಡಿದಳು.

ಆಮೇಲಿನ ಹತ್ತು ದಿನ ನಾವು ಮಾತಾಡಿದ್ದು ಬಹಳ ಕಮ್ಮಿ. ನಾನು ಓದ್ತಿದ್ದೆ, ಅವಳು ಓದಿ ಮುಗಿಸಿ ತನ್ನ ಪ್ರಬಂಧ ಬರೀತಿದ್ದಳು. ನನ್ನ ಹೊಟ್ಟೆಯುರಿ ಹೋಗಿತ್ತು ಅಂದುಕೊಳ್ಳಬೇಡಿ. ಮೇದಿನಿ ದಿನಾ ವಾರಿಜಾಗೆ ತಟ್ಟೆಗೆ ಊಟ ಹಾಕಿ ತಂದುಕೊಡ್ತಿದ್ದಳು, ಅವಳು ಬಂದು ಹೋದ ಮೇಲೆ ಒಂದು ಪುಟಕ್ಕೆ ನನಗೆ ಅರ್ಧ ಗಂಟೆ ಬೇಕಾಗ್ತಿತ್ತು. ಆದರೂ ಪುಟ ತಿರುಗ್ತಿತ್ತು. ಇಪ್ಪತ್ತೆಂಟನೇ ತಾರೀಖು ಮಧ್ಯಾಹ್ನ ಮೂರೂವರೆಗೆ ಇನ್ನೂರ ಎಂಬತ್ತಾರನೇ ಪುಟಕ್ಕೆ ಬಂದ್ವಿ. ವಾರಿಜಾ ಬರೆದು ಮುಗಿಸಿದ ಪ್ರಬಂಧ ಬ್ಯಾಗಿಗೆ ಹಾಕಿಕೊಂಡು ಆಗಲೇ ಆಫೀಸಿನ ಕಡೆ ಹೋಗಿದ್ದಳು, ಚೀಟಿ ಬಂದ ತಕ್ಷಣ ಕೊಟ್ಟುಬಿಡೋಕೆ. ನಾನು ರೂಮಿನಲ್ಲಿ ಒಬ್ಬಳೇ ಇದ್ದೆ.

ಕೊನೇ ಪುಟದಲ್ಲಿ ಇದ್ದದ್ದು ತಪ್ಪೊಪ್ಪೋಲೆ, ಅಚ್ಚಿನ ತಪ್ಪುಗಳ ಪಟ್ಟಿ. ಇಂಥ ಪುಟದ ಇಂಥ ಸಾಲಿನಲ್ಲಿ ಇಪ್ಪತ್ತು ಮೊಳ ಎಂಬುದನ್ನು ಇಪ್ಪತ್ತೆರಡು ಮೊಳ ಎಂದು ಓದಿಕೊಳ್ಳಬೇಕು, ಅಂಥದ್ದೇ ಒಂದು ಹದಿನಾಲ್ಕು ಸಾಲು. ಮೂರು ವರ್ಷದ ಕೊನೇ ಹದಿನಾಲ್ಕು ಸಾಲು. ಇದು ಮುಗಿದರೆ ಅವಳು ನನ್ನ ಕೈ ಬಿಟ್ಟಳು. ನನಗೆ ಓದೋಕೆ ಮನಸ್ಸೇ ಇರಲಿಲ್ಲ. ಆದರೆ ಅವಳ ಒಂದು ವರ್ಷ ಇದರಲ್ಲಿತ್ತಲ್ಲ. ಹಲ್ಲು ಕಚ್ಚಿಕೊಂಡು ಓದಿದೆ, ಒಂದೊಂದೇ ಮೊಳ ಸರಿಮಾಡಿಕೊಂಡು. ಹದಿನಾಲ್ಕನೇ ಸಾಲು ಮುಗಿಯಿತು.

ಏನೂ ಆಗಲಿಲ್ಲ. ಪುಸ್ತಕ ಮುಚ್ಚಲಿಲ್ಲ, ಚೀಟಿ ಬರಲಿಲ್ಲ. ಮತ್ತೆ ನನ್ನದೇ ಗ್ರಹಚಾರ ಅಂದುಕೊಂಡು ಪುಟದ ಕೆಳಗೆ ನೋಡಿದೆ. ಚುಕ್ಕೆ ಇರಲಿಲ್ಲ. ವಾರಿಜಾ ಇನ್ನೂ ಓದಿ ಮುಗಿಸಿರಲಿಲ್ಲ. ಅವಳಿಗಿಂತ ಮೊದಲು ನಾನು ಮುಗಿಸಿದ್ದು ಮೂರು ವರ್ಷದಲ್ಲಿ ಅದೇ ಮೊದಲು. ಹತ್ತು ನಿಮಿಷ ಕಾದೆ. ಕಾಯೋದು ಇಷ್ಟು ಕಷ್ಟ ಅಂತ ನನಗೆ ಯಾರೂ ಹೇಳಿರಲಿಲ್ಲ. ಕಾಲು ಗಂಟೆಯಾಯ್ತು. ಮೇದಿನಿ ಜೊತೆ ಕೂತು ಹರಟೆ ಹೊಡೀತಿರಬೇಕು, ಇವಳಿಗೆ ಈಗಲೂ ಅವಳೇ ಮುಖ್ಯ, ಅಂತ ಮೈಯೆಲ್ಲ ಉರಿದುಹೋಯ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಪಕ್ಕದ ರೂಮಿನಲ್ಲಿ ಮೇದಿನಿ ಬಾಯಿ ತೆರೆದು ನಿದ್ದೆ ಮಾಡ್ತಿದ್ದಳು.

ಆಫೀಸಿನ ಮೆಟ್ಟಿಲ ಮೇಲೆ ವಾರಿಜಾ ಒಬ್ಬಳೇ ಕೂತಿದ್ದಳು. ಬ್ಯಾಗು ತೊಡೆಯ ಮೇಲೆ, ಮೊಬೈಲು ಕೈಯಲ್ಲಿ. ದುಪಟ್ಟಾದ ಅಂಚು ಪೂರ್ತಿ ಒದ್ದೆಯಾಗಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

"ಏನಾಯ್ತೇ?"

"ಆರು ಸಲ ಓದಿದೆ," ಅಂದಳು. "ಮುಗೀತಾ ಇಲ್ಲ."

"ಹದಿನಾಲ್ಕು ಸಾಲು ಕಣೇ ಇರೋದು!"

"ಗೊತ್ತು." ಅವಳು ನನ್ನ ಮುಖ ನೋಡಲಿಲ್ಲ. "ಇದು ಮುಗಿದರೆ ನಾನು ಮತ್ತೆ ನಿನ್ನ ಜೊತೆ ಕೂರಲ್ಲ ದಾಕ್ಷಿ. ಕೂರಲ್ಲ ಅಂತ ನನಗೇ ಗೊತ್ತು. ಅದೇ ತಲೆಗೆ ಬರ್ತಿದೆ, ಮೊದಲ ಸಾಲಿಗೇ ಬರ್ತಿದೆ."

ಅವಳ ಪಕ್ಕ ಕೂತೆ. ಇನ್ನೂ ಅರ್ಧ ಗಂಟೆ ಹೀಗೇ ಕೂತುಬಿಟ್ಟರೆ ಅವಳ ವರ್ಷ ಹೋಗುತ್ತೆ, ಪುಸ್ತಕ ಮುಗಿಯದೇ ಉಳಿಯುತ್ತೆ, ಇವಳು ನನ್ನ ಜೊತೆಗೇ ಇರ್ತಾಳೆ ಅಂತ ಒಂದು ಕ್ಷಣ ಅನ್ನಿಸಿತು. ಅನ್ನಿಸಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳ ಬೆನ್ನಿಗೆ ಒಂದು ಗುದ್ದಿದೆ.

"ಅಳೋದು ಐದು ಗಂಟೆ ಮೇಲೆ ಅಳು. ಈಗ ಇಲ್ಲಿ ನೋಡು." ಅವಳ ಮೊಬೈಲಿನ ಮೇಲೆ, ಒಂದನೇ ಕ್ಲಾಸಿನ ಮಗುವಿಗೆ ತೋರಿಸೋ ಹಾಗೆ, ಮೊದಲ ಸಾಲಿನ ಕೆಳಗೆ ಬೆರಳಿಟ್ಟೆ. "ನನ್ನ ಥರ ಓದು. ನಿಧಾನ. ಈ ಸಾಲು ಆಗೋವರೆಗೂ ಮುಂದಿನದು ಇಲ್ಲ ಅಂದುಕೋ. ಇಪ್ಪತ್ತು ಮೊಳ ತಪ್ಪು, ಇಪ್ಪತ್ತೆರಡು ಸರಿ. ಆಯ್ತಾ? ಯಾವ ಬಾವಿ ಅದು ಹೇಳು?"

ಮೂಗು ಒರೆಸಿಕೊಂಡು ಹೇಳಿದಳು, "ಅಗಸರ ಬೀದಿಯದು."

"ಹ್ಞಾ. ಮುಂದೆ."

ಹದಿನಾಲ್ಕು ಸಾಲಿಗೆ ನಾವಿಬ್ಬರೂ ಹನ್ನೆರಡು ನಿಮಿಷ ತಗೊಂಡ್ವಿ. ಕೊನೇ ಸಾಲಿನಲ್ಲಿ ನನ್ನ ಬ್ಯಾಗಿನೊಳಗೆ, ಅವಳ ಕೈಯೊಳಗೆ, ಎರಡೂ ಮೊಬೈಲು ಒಟ್ಟಿಗೆ ಸದ್ದು ಮಾಡಿದವು. ಚೀಟಿ ಬಂದಿತ್ತು. ಅವಳು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಒಳಗೆ ಓಡಿದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಪ್ರಬಂಧ ತಗೊಂಡರಂತೆ.

ಎರಡು ದಿನ ಕಳೆದ ಮೇಲೆ ವಾರಿಜಾ ಮೇದಿನಿ ಜೊತೆ ಹೊಸ ಪುಸ್ತಕ ತೆಗೆದಳು. ನನ್ನ ಮುಂದೆಯೇ ಹೇಳಿ ತೆಗೆದಳು, ಮುಚ್ಚಿಡಲಿಲ್ಲ. ಈಗ ಗೋಡೆಯ ಈ ಕಡೆ ಆ ಕಡೆ ದಿನಾ ನಗು. ಊರವರು ಅವರಿಬ್ಬರ ಹೆಸರು ಸೇರಿಸಿ ಹೇಳ್ತಾರೆ, ಕೇಳಿದಾಗೆಲ್ಲ ನನ್ನ ಹೊಟ್ಟೆ ಚುರ್ ಅನ್ನುತ್ತೆ. ಮೇದಿನಿ ಒಂದು ಸಲ, "ಅಕ್ಕಾ, ಅವತ್ತು ಕೊನೇ ಪುಟಕ್ಕೆ ಯಾಕೆ ಅಷ್ಟು ತಡವಾಯ್ತು?" ಅಂತ ಕೇಳಿದಳು. "ನಾನು ನಿಧಾನ ಅಲ್ವಾ," ಅಂದೆ. ವಾರಿಜಾ ತಡ ಮಾಡಿದ್ದು ಅವಳಿಗೆ ಗೊತ್ತಿಲ್ಲ. ನಾನು ಹೇಳೋದೂ ಇಲ್ಲ.